ಖಾಲಿ ಗೋಡೌನಿನ ಗಂಧರ್ವ

ಜಗತ್ತಿನಲ್ಲಿ ಇವತ್ತಿನವರೆಗೆ ಆಗಿರುವ ಮೋಸಗಳನ್ನೆಲ್ಲ ಹರಪನಹಳ್ಳಿ ಎಪಿಎಂಸಿಯ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ನನಗಾದ ಮೋಸವನ್ನು ಇನ್ನೊಂದು ತಟ್ಟೆಗೆ ಇಟ್ಟರೆ ನನ್ನ ತಟ್ಟೆ ನೆಲ ಬಿರಿದುಕೊಂಡು ಪಾತಾಳಕ್ಕೆ ಇಳಿಯುತ್ತದೆ. ಇದು ಬಡಾಯಿಯಲ್ಲ. ಬಡಾಯಿ ಕೊಚ್ಚುವುದು ನನ್ನ ಜಾಯಮಾನದಲ್ಲೇ ಇಲ್ಲ. ಇಡೀ ತಾಲೂಕಿನಲ್ಲಿ ನನ್ನಷ್ಟು ವಿನಯದವನು ಇನ್ನೊಬ್ಬನಿದ್ದರೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ.

ತೆಲಿಗಿಯ ಗವಿಸಿದ್ದೇಶ ಎಂದರೆ ನಾನೇ. ವಯಸ್ಸು ಮೂವತ್ತನಾಲ್ಕು. ಒಂದು ಬಿಳಿ ವ್ಯಾನು ಇಟ್ಟಿದ್ದೇನೆ. ಬೆಳಿಗ್ಗೆ ಅದರಲ್ಲಿ ಶಾಲೆಯ ಮಕ್ಕಳು, ಮದುವೆಯ ದಿನಗಳಲ್ಲಿ ಬೀಗರು. ಉಳಿದ ಹೊತ್ತು ನಾನು ಗಂಧರ್ವ. ಹರಪನಹಳ್ಳಿಯ ಗೋಡೌನಿನಲ್ಲಿ ನಿಂತು ಒಂದು 'ಆ' ಎತ್ತಿದರೆ ತೆಲಿಗಿಯಲ್ಲಿ ನಮ್ಮ ಎಮ್ಮೆ ತೊರೆ ಬಿಡುತ್ತಿತ್ತು. ನಂಬದವರು ಎಮ್ಮೆಯನ್ನೇ ಕೇಳಬಹುದಿತ್ತು, ಅದನ್ನು ಮಾರಿಬಿಟ್ಟಿದ್ದೇವೆ.

ಗೋಡೌನು ಎಂದೆನಲ್ಲ, ಅದೇ ನಮ್ಮ ಹಾಡಿನ ಶಾಲೆ. ಏಕಾಂತಪ್ಪ ಮೇಷ್ಟ್ರು ಇಪ್ಪತ್ತು ವರ್ಷ ಹಡಗಲಿ, ಹಗರಿಬೊಮ್ಮನಹಳ್ಳಿ ಎನ್ನದೆ ಮದುವೆ ಮನೆಗಳಲ್ಲಿ ಆರ್ಕೆಸ್ಟ್ರಾ ಹಾಡಿ, ಗಂಟಲು ದಣಿದ ಮೇಲೆ 'ಏಕಾಂತ ವಾಯ್ಸ್ ಟ್ರೇನಿಂಗ್' ಎಂಬ ಬೋರ್ಡು ತೂಗುಹಾಕಿದವರು. ಹಳೆಯ ಕಾಲದ ಹಾಗೆ ವರ್ಷಗಟ್ಟಲೆ ಸರಳೆ ತಿಕ್ಕಿಸುವುದಿಲ್ಲ, ಈಗಿನ ಹಾಡಿಗೆ, ಈಗಿನ ಮೈಕಿಗೆ ಬೇಕಾದ ದನಿ ಮಾಡಿಕೊಡುತ್ತೇನೆ ಎನ್ನುವುದು ಅವರ ಮಾತು. ಜಾಗಕ್ಕೆ ಬಾಡಿಗೆ ಕಟ್ಟುವ ಚೈತನ್ಯವಿಲ್ಲದೆ ಪರಿಚಯದ ವ್ಯಾಪಾರಿಯೊಬ್ಬರ ಮೆಕ್ಕೆಜೋಳದ ಗೋಡೌನನ್ನು ಹಿಡಿದಿದ್ದರು. ಜೋಳ ಖಾಲಿಯಾಗುವ ಜನವರಿಯಿಂದ ಹೊಸ ಜೋಳ ಬರುವ ಅಕ್ಟೋಬರಿನವರೆಗೆ ಅದು ಬಿಕೋ ಎನ್ನುತ್ತದೆ. ಕಲ್ಲಿನ ಗೋಡೆ, ಮುಗಿಲೆತ್ತರದ ತಗಡಿನ ಛಾವಣಿ. ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಕೇಳುತ್ತವೆ. ನಾನು ತಟ್ಟಿದರೆ ಎಂಟು.

ಅಲ್ಲಿ ನಾವು ಮಾಡಿದ ಸಾಧನೆಯನ್ನು ಋಷಿಗಳೂ ಮಾಡಿರಲಾರರು. ತುಟಿ ಸಡಿಲ ಬಿಟ್ಟು 'ಬುರ್‌ರ್‌ರ್' ಎಂದು ಸ್ವರ ಏರಿಸಬೇಕು, ಇಳಿಸಬೇಕು. ಹೊರಗೆ ಹೋಗುವವರು ಒಳಗೆ ಟ್ರ್ಯಾಕ್ಟರ್ ಮಾರಾಟಕ್ಕಿದೆಯೇ ಎಂದು ವಿಚಾರಿಸಿದ್ದುಂಟು. ಅರ್ಧ ಲೋಟ ನೀರಿಗೆ ಸ್ಟ್ರಾ ಅದ್ದಿ, ಗುಳ್ಳೆ ಒಂದೇ ಸಮನೆ ಏಳುವಂತೆ ಹಾಡು ಗುನುಗಬೇಕು. ಬೇರೆಯವರ ಲೋಟದಲ್ಲಿ ಗುಳ್ಳೆ ಎದ್ದರೆ ನನ್ನ ಲೋಟದಲ್ಲಿ ತುಂಗಭದ್ರೆಗೆ ಪ್ರವಾಹ ಬರುತ್ತಿತ್ತು. ಉಸಿರಿನ ಪಾಠಕ್ಕೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಸಣ್ಣ ಜೋಳದ ಚೀಲ ಇಟ್ಟು, ಅದು ಏರಿ ಇಳಿಯುವುದನ್ನು ಮೇಷ್ಟ್ರು ಕಣ್ಣಿಟ್ಟು ನೋಡುತ್ತಿದ್ದರು.

"ಎದಿ ಉಬ್ಬಸ್‌ಬ್ಯಾಡಲೇ ಗವಿ, ಹೊಟ್ಟಿ ಉಬ್ಬಸು."

"ಹೊಟ್ಟಿ ತಾನ ಉಬ್ಬೈತ್ರಿ ಸರ್, ಮಧ್ಯಾಹ್ನ ಮಂಡಕ್ಕಿ ಮೆಣಸಿನಕಾಯಿ ಜಾಸ್ತಿ ಆತು."

ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಸಿಮ್ರಾನ. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿರುವ ಉಸ್ಮಾನ್ ಸಾಬರ ಮಗಳು, ಕಾಲೇಜಿನ ಎರಡನೇ ವರ್ಷ. ನನ್ನನ್ನು ಬಾಯಿ ತುಂಬ ಅಣ್ಣಾ ಎನ್ನುತ್ತಿದ್ದಳು. ಸ್ಪೀಕರಿನ ಪಕ್ಕ ಕೂತು ಮಿಕ್ಸರಿನ ಗುಂಡಿ ತಿರುಗಿಸುವ ಕೆಲಸ ಅವಳದು. ನಾನು ಮೈಕು ಹಿಡಿದರೆ ಸಾಕು, ಅವಳ ಕೈ ಗುಂಡಿಯ ಮೇಲೆ ಹೋಗುತ್ತಿತ್ತು. ನನ್ನ ದನಿಯ ಮಹಾಪೂರಕ್ಕೆ ಸ್ಪೀಕರು ಸುಟ್ಟುಹೋಗದಿರಲಿ ಎಂದು ಕಾಯುತ್ತಿದ್ದಾಳೆ ಅಂದುಕೊಂಡಿದ್ದೆ.

ಮೇಷ್ಟ್ರು ಎಲ್ಲರಿಂದ ಫೀಸು ತೆಗೆದುಕೊಳ್ಳುತ್ತಿದ್ದರು, ನನ್ನಿಂದ ಮಾತ್ರ ಇಲ್ಲ. "ನಿನ್ನ ಹತ್ರ ಫೀಸು ತಗೊಂಡ್ರ ನನಗ ಪಾಪ ಸುತ್ತಕೊಳ್ಳತೈತಿ" ಎಂದಿದ್ದರು. ಈ ಒಂದು ಮಾತನ್ನು ನಾನು ತೆಲಿಗಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ ಊರಿನ ಗಿಳಿಗಳಿಗೆ ಬಾಯಿಪಾಠವಾಗಿತ್ತು. ಅದಕ್ಕೆ ಪ್ರತಿಯಾಗಿ ನಾನೇನು ಸುಮ್ಮನಿದ್ದೆನೇ? ಯಾವ ಊರಿನಲ್ಲಿ ಹಾಡಿನ ಸ್ಪರ್ಧೆ ಇದ್ದರೂ ಮೇಷ್ಟ್ರನ್ನು, ಹುಡುಗರನ್ನು, ಸ್ಪೀಕರನ್ನು ನನ್ನ ವ್ಯಾನಿನಲ್ಲೇ ಕರೆದೊಯ್ಯುತ್ತಿದ್ದೆ. ಗುರುಸೇವೆ.

ಮೊದಲನೆಯ ವರ್ಷ ದಾವಣಗೆರೆಗೆ ಹೋದೆವು. ಉಳಿದವರು ಹಾಡಿದರು. ಎರಡನೆಯ ವರ್ಷ ಹೊಸಪೇಟೆ. ಆಗಲೂ ಉಳಿದವರು ಹಾಡಿದರು. ನಾನು ಮುಖ ಸಣ್ಣ ಮಾಡಿದಾಗ ಮೇಷ್ಟ್ರು ಹೆಗಲ ಮೇಲೆ ಕೈಹಾಕಿದರು.

"ಲೇ ಹುಚ್ಚಪ್ಪ, ನೀನು ಬಿತ್ತಾಕ ತೆಗೆದಿಟ್ಟ ಬೀಜ ಇದ್ದಂಗ. ಊಟದ ಜೋಳ ಮೊದಲು ಖರ್ಚಾಗ್ಲಿ. ಬಿತ್ತೋ ಬೀಜ ಯಾರಾದ್ರೂ ರೊಟ್ಟಿ ಮಾಡ್ತಾರೇನು?"

ರೈತನ ಮಗನಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ? ಮೂರನೆಯ ವರ್ಷಕ್ಕೆ ಕಾದೆ. ಈ ಸಲ ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದೂ ತಾಲೂಕಿಗೆ ಸೇರಿಸಿ ಕೂಡ್ಲಿಗಿಯಲ್ಲಿ ಆಡಿಷನ್ ಇಟ್ಟಿತು. ಒಂದು ತರಬೇತಿ ಶಾಲೆಯಿಂದ ಇಬ್ಬರಿಗೆ ಮಾತ್ರ ಅವಕಾಶ. ಅರ್ಜಿಯನ್ನು ಮೇಷ್ಟ್ರೇ ತುಂಬಿ ಕಳಿಸಬೇಕು.

"ಸಿಮ್ರಾನದೂ ನಿಂದೂ ಹೆಸರು ಕೊಟ್ಟೀನಿ" ಎಂದರು.

ಆ ದಿನ ನಾನು ನೆಲ ಮುಟ್ಟದೆ ತೆಲಿಗಿಗೆ ಹೋದೆ. ವ್ಯಾನಿನ ಚಕ್ರಗಳೂ ಮುಟ್ಟಿರಲಿಕ್ಕಿಲ್ಲ. ಕೆಂಪು ಕೋಟು ಹೊಲಿಸಿದೆ. ಬಸ್ ನಿಲ್ಲುವ ಜಾಗದಲ್ಲಿ ಫ್ಲೆಕ್ಸ್ ಕಟ್ಟಿಸಿದೆ: 'ಕೂಡ್ಲಿಗಿ ಆಡಿಷನ್ನಿಗೆ ಆಯ್ಕೆಯಾದ ತೆಲಿಗಿಯ ಗಾನಗಂಧರ್ವ'. ಮೈಕಿನ ಮುಂದೆ ಬಾಯಿ ತೆರೆದು ನಿಂತ ನನ್ನ ಫೋಟೋ, ಮಾರಿದ ಎಮ್ಮೆಗಿಂತ ದೊಡ್ಡದು. ಬಸ್ಸು ಹತ್ತುವವರು, ಇಳಿಯುವವರು ಎಲ್ಲರೂ ನನ್ನ ಬಾಯೊಳಗಿನ ಹಲ್ಲು ಎಣಿಸಿಯೇ ಮುಂದೆ ಹೋಗಬೇಕಿತ್ತು.

ಆಡಿಷನ್ ಅಕ್ಟೋಬರ್ ಕೊನೆಯ ಭಾನುವಾರ. ಎಡವಟ್ಟಾಗಿದ್ದು ಅಲ್ಲೇ. ಪ್ರತಿ ವರ್ಷ ಜೋಳ ಬಂತೆಂದರೆ ನಮ್ಮ ಕ್ಲಾಸಿಗೆ ರಜೆ. ಈ ವರ್ಷ ಆಡಿಷನ್ ಇದ್ದ ಕಾರಣ ಚೀಲಗಳ ನಡುವೆಯೇ ಅಭ್ಯಾಸ ಮಾಡಬೇಕಾಯಿತು. ಒಂದೇ ವಾರದಲ್ಲಿ ಗೋಡೌನಿನ ಗೋಡೆಗಳೆಲ್ಲ ಚೀಲದ ಗೋಡೆಗಳಾದವು. ಮಧ್ಯದಲ್ಲಿ ಎರಡು ಮಂಚ ಹಿಡಿಸುವಷ್ಟು ಜಾಗ ಉಳಿಯಿತು. ಸ್ಪೀಕರು, ಮಿಕ್ಸರು ಚೀಲಗಳ ಹಿಂದೆಲ್ಲೋ ಹೂತುಹೋದವು. ನಾನು ಎಂದಿನಂತೆ ಎದೆ ಸೆಟೆಸಿ 'ಆ' ಎತ್ತಿದೆ.

ಬಾಯಿಂದ ಬಿದ್ದದ್ದು ಅಲ್ಲೇ ಬಿತ್ತು. ಹಸಿ ಸಗಣಿ ಬಿದ್ದ ಹಾಗೆ.

ಇನ್ನೊಮ್ಮೆ ಎತ್ತಿದೆ. ಸ್ವರ ಎತ್ತಲೋ ಹೊರಟು ಮತ್ತೆಲ್ಲೋ ತಲುಪಿತು, ಕೊಟ್ಟೂರಿನ ಬಸ್ಸು ಹತ್ತಿದವನು ಹಡಗಲಿಯಲ್ಲಿ ಇಳಿದಂತೆ.

"ಸರ್, ನನ್ನ ದನಿಗೆ ಏನೋ ಆಗೈತ್ರಿ!"

ಮೇಷ್ಟ್ರು ಚೀಲದ ದಾರವನ್ನು ನೋಡುತ್ತಾ ಹೇಳಿದರು: "ಜೋಳದ ಧೂಳಪ್ಪ. ಗಂಟಲಾಗ ಕುಂತೈತಿ. ಶುಂಠಿ ತಿನ್ನು."

ನಾನು ಶುಂಠಿ ತಿಂದೆ. ಸಂತೆಯಲ್ಲಿ ಶುಂಠಿಯ ಬೆಲೆ ಏರುವಷ್ಟು ತಿಂದೆ. ದನಿ ಮಾತ್ರ ಹಾಗೆಯೇ ಬೀಳುತ್ತಿತ್ತು. ಅದೇ ಧೂಳಿನಲ್ಲಿ ನಿಂತು ಸಿಮ್ರಾನ ಹಾಡಿದಳು ನೋಡಿ, ಚೀಲಗಳ ನಡುವೆ ದಾರ ಎಳೆದಂತೆ ಅವಳ ಸ್ವರ ನೇರವಾಗಿ ನಿಂತಿತು. ಅವಳು ಶುಂಠಿಯನ್ನು ಮೂಸಿಯೂ ನೋಡಿರಲಿಲ್ಲ.

ಮಗಳನ್ನು ಕರೆದೊಯ್ಯಲು ಬಂದಿದ್ದ ಉಸ್ಮಾನ್ ಸಾಬರು ಬಾಗಿಲಲ್ಲಿ ನಿಂತಿದ್ದರು. ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುವ ಮನುಷ್ಯ. ನನ್ನ ವ್ಯಾನು ಹದಿನಾಲ್ಕು ವರ್ಷವಾದರೂ ನವವಧುವಿನಂತೆ ಓಡುತ್ತಿರುವುದು ಅವರ ಕಿವಿಯಿಂದ. ಅವರನ್ನೇ ಕೇಳಿದೆ.

"ಚಾಚಾ, ನೀವ ಹೇಳ್ರಿ. ನನ್ನ ಗಂಟಲಾಗ ಏನು ಕೆಟ್ಟೈತಿ?"

ಅವರು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತ ನನ್ನ 'ಆ' ಇನ್ನೊಮ್ಮೆ ಕೇಳಿದರು. "ಕೆಟ್ಟಿಲ್ಲ ಬೇಟಾ" ಎಂದರು. "ಕೆಟ್ಟಿದ್ರ ರಿಪೇರಿ ಮಾಡಬಹುದಿತ್ತು. ಇದು ಕಂಪನಿಯಿಂದಾನ ಹಿಂಗ ಬಂದೈತಿ."

"ಅಬ್ಬಾ, ಸುಮ್ಕಿರ್ರಿ!" ಎಂದು ಸಿಮ್ರಾನ ತಂದೆಯನ್ನು ಹೊರಗೆ ಎಳೆದುಕೊಂಡು ಹೋದಳು. ನಾನು ನಕ್ಕೆ. ನಟ್ಟು ಬೋಲ್ಟು ಕೇಳುವ ಕಿವಿಗೆ ಸಂಗೀತ ಏನು ಗೊತ್ತು? ಆದರೂ ಮನೆಗೆ ಹೋಗುವ ದಾರಿಯಲ್ಲಿ ಆ ಮಾತು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತೇ ಇತ್ತು.

ಭಾನುವಾರ ಬಂತು. ಕೆಂಪು ಕೋಟು ತೊಟ್ಟು ಹೊರಟೆ. ನಮ್ಮವ್ವ ದೃಷ್ಟಿ ತೆಗೆದಳು. ಹರಪನಹಳ್ಳಿಯಲ್ಲಿ ಮೇಷ್ಟ್ರು, ಸಿಮ್ರಾನ ಹತ್ತಿದರು. ಸಿಮ್ರಾನಳ ಶ್ರುತಿಗೆ ಮೇಷ್ಟ್ರೇ ಕೂತು ಹೊಂದಿಸಿದ ಸಂಗೀತದ ಟ್ರ್ಯಾಕು ಒಂದು ಪೆನ್‌ಡ್ರೈವಿನಲ್ಲಿತ್ತು. ಒಳಗೆ ಫೋನು ಬಿಡುವುದಿಲ್ಲ, ಟ್ರ್ಯಾಕನ್ನು ಪೆನ್‌ಡ್ರೈವಿನಲ್ಲೇ ತರಬೇಕು ಎಂಬುದು ಕಂಪನಿಯ ನಿಯಮ. ದಾರಿಯುದ್ದಕ್ಕೂ ಅವಳು ಅಭ್ಯಾಸ ಮಾಡಲಿ ಎಂದು ಅದನ್ನು ವ್ಯಾನಿನ ಸ್ಟೀರಿಯೋಗೆ ಚುಚ್ಚಿದೆವು.

"ನನ್ನ ಟ್ರ್ಯಾಕು, ಸರ್?"

"ಅದನ್ನ ಮೊದಲೇ ಕಳಿಸೀನಿ. ನೀನು ರಸ್ತಿ ನೋಡು."

ಕೊಟ್ಟೂರು ದಾಟಿತು. ಎರಡೂ ಬದಿಗೆ ಒಣಗಿ ನಿಂತ ಜೋಳದ ದಂಟು. ಕೂಡ್ಲಿಗಿಯಲ್ಲಿ ಹೆದ್ದಾರಿಯ ಪಕ್ಕದ ಲಾಡ್ಜಿನ ಮುಂದೆ ನಿಲ್ಲಿಸಿದೆ. ಮೇಲಿನ ಮಹಡಿಯ ಒಂದು ರೂಮಿನ ಗೋಡೆಗಳಿಗೆಲ್ಲ ಹಾಸಿಗೆ ಕಟ್ಟಿ ರೆಕಾರ್ಡಿಂಗ್ ಕೋಣೆ ಮಾಡಿದ್ದರು. ಸದ್ದು ಮಾರ್ದನಿಸಬಾರದಂತೆ, ದನಿ ಇದ್ದದ್ದು ಇದ್ದಂತೆ ಕೇಳಬೇಕಂತೆ.

ಮೆಟ್ಟಿಲ ಬುಡದಲ್ಲಿ ಮೇಜು ಹಾಕಿಕೊಂಡು ಕೂತಿದ್ದವನು ಹೆಸರು ಕೇಳಿ, ಅರ್ಜಿಯ ಜೊತೆ ಬಂದಿದ್ದ ಗುರುತಿನ ಕಾರ್ಡುಗಳನ್ನು ಹುಡುಕಿ ಕೊಟ್ಟ. ಸಿಮ್ರಾನಳ ಕೊರಳಿಗೆ 'ಗಾಯಕಿ'. ಮೇಷ್ಟ್ರ ಕೊರಳಿಗೆ 'ತರಬೇತುದಾರರು'. ನನ್ನ ಕಾರ್ಡಿನಲ್ಲಿ ದುಂಡಗಿನ ಅಕ್ಷರ, ಮೂರು ವರ್ಷ ನನಗೆ ಹಾಡು ಬರೆದುಕೊಟ್ಟ ಮೇಷ್ಟ್ರ ಅದೇ ಕೈಬರಹ: 'ಗವಿಸಿದ್ದೇಶ, ವಾಹನ ಚಾಲಕ'.

"ಡ್ರೈವರ್‌ಗಳು ಕೆಳಗೇ ಕೂರ್‍ರಿ. ಮಧ್ಯಾಹ್ನ ಊಟ ಕೊಡ್ತೀವಿ" ಎಂದ ಮೇಜಿನವನು. ನನ್ನ ಕೋಟನ್ನು ನೋಡಿ ಇನ್ನೊಂದು ಮಾತು ಸೇರಿಸಿದ: "ಕೋಟು ಭಾರಿ ಐತ್ರೀ."

ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ಮೆಟ್ಟಿಲುಗಳನ್ನು ಎಣಿಸುತ್ತಿದ್ದರು.

"ಇದೇನ್ರಿ ಸರ್?"

"ಇಲ್ಲಿ ಬ್ಯಾಡ ಗವಿ. ಆಮೇಲೆ ಮಾತಾಡಣ."

"ಬಿತ್ತೋ ಬೀಜ ಅಂದಿದ್ರಲ್ರಿ?"

"ನಿನಗ ಮನಸಿಗೆ ಬ್ಯಾಸರ ಆಗಬಾರದು ಅಂತ..."

"ಮತ್ತ ಫೀಸು? ಫೀಸು ಯಾಕ ತಗೊಳ್ಳಲಿಲ್ಲ?"

ಅದರ ಉತ್ತರ ರಸ್ತೆಯ ಬದಿಯಲ್ಲಿ ಬಿಳಿ ಬಣ್ಣ ಬಳಿದುಕೊಂಡು ನಾಲ್ಕು ಚಕ್ರದ ಮೇಲೆ ನಿಂತಿತ್ತು.

ಗುರುವಿನ ಮೋಸವನ್ನಾದರೂ ನುಂಗಿಬಿಡುತ್ತಿದ್ದೆ. ನನ್ನ ಹೊಟ್ಟೆ ಕಲ್ಲು ಅರಗಿಸುವ ಹೊಟ್ಟೆ. ಆದರೆ ಸಿಮ್ರಾನ ಕಾರ್ಡನ್ನು ನೋಡಿ ಬೆಚ್ಚಲಿಲ್ಲ. ಅವಳ ತಲೆ ಮೊದಲೇ ತಗ್ಗಿತ್ತು.

"ನಿನಗೂ ಗೊತ್ತಿತ್ತೇನವ್ವಾ?"

"ಕಾರ್ಡಿನ ವಿಷಯ ಗೊತ್ತಿರಲಿಲ್ಲ ಅಣ್ಣಾ. ಖುದಾ ಕಸಮ್."

"ಉಳಿದದ್ದು?"

ಅವಳ ಬೆರಳು ದುಪಟ್ಟಾದ ಅಂಚಿನಲ್ಲಿ ಇಲ್ಲದ ಗುಂಡಿಯೊಂದನ್ನು ತಿರುಗಿಸುತ್ತಿತ್ತು. "ನೀನು ಹಾಡುವಾಗ ಎಕೋ ಜಾಸ್ತಿ ಇಡು ಅಂತ ಸರ್ ಹೇಳಿದ್ರು. ಇಡ್ತಿದ್ದೆ."

"ಎಷ್ಟು ದಿನದಿಂದ?"

"ಮೊದಲಿಂದ."

ಮೂರು ವರ್ಷ! ನನ್ನ ಗಂಟಲೆಂದು ನಾನು ಕೇಳಿದ್ದು ಅರ್ಧ ತಗಡಿನ ಛಾವಣಿ, ಅರ್ಧ ಈ ಹುಡುಗಿಯ ಎರಡು ಬೆರಳು. ನಾನು ತಿರುಗಿ ನಡೆದೆ. ವ್ಯಾನು ಹತ್ತಿ, ಬಾಗಿಲು ಎಳೆದುಕೊಂಡು, ಬಂದ ದಾರಿ ಹಿಡಿದೆ. ಹಿಂದೆ ಮೇಷ್ಟ್ರು ಕೂಗುತ್ತಿದ್ದರು, "ಪೆನ್‌ಡ್ರೈವು! ಲೇ ಗವಿ, ಪೆನ್‌ಡ್ರೈವು!" ಇಪ್ಪತ್ತು ವರ್ಷ ಆರ್ಕೆಸ್ಟ್ರಾ ಹಾಡಿದ ಕಂಠ ಅದು, ಕೊಟ್ಟೂರಿನವರೆಗೂ ಕೇಳಿರಬೇಕು.

ಕೊಟ್ಟೂರಿನ ರಸ್ತೆಯಲ್ಲಿ ಒಂದು ಹುಣಸೆ ಮರದ ಕೆಳಗೆ ನಿಲ್ಲಿಸಿದೆ. ಲಾರಿಗಳ ಸದ್ದಿಗೆ ಗಾಜು ಏರಿಸಿದೆ. ಎಂಜಿನ್ ಆರಿಸಿದೆ. ಈ ವ್ಯಾನಿನಲ್ಲಿ ನಾನು ಸಾವಿರ ಹಾಡು ಹಾಡಿದ್ದೇನೆ. ಎಂಜಿನ್ ಆರಿಸಿ ಒಂದನ್ನೂ ಹಾಡಿರಲಿಲ್ಲ. ಈಗ ಸುತ್ತ ಸ್ಪಂಜಿನ ಸೀಟು, ಮೇಲೆ ಬಟ್ಟೆಯ ಹೊದಿಕೆ, ಒಳಗೆ ನಾನೊಬ್ಬನೇ. ಆಡಿಷನ್ನಿಗೆಂದು ತಯಾರಿ ಮಾಡಿದ್ದ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹಾಡಿದೆ, ಒಂದು ಅಕ್ಷರ ಬಿಡದೆ.

ಹಾಡು ಹೇಗಿತ್ತೆಂದು ಹೇಳುವುದಿಲ್ಲ. ಎಲ್ಲವನ್ನೂ ಹತ್ತರಷ್ಟು ಮಾಡಿ ಹೇಳುವವನು ನಾನು. ಇದನ್ನು ಮಾತ್ರ ಹತ್ತರಷ್ಟು ಮಾಡುವ ಧೈರ್ಯವಿಲ್ಲ.

ಬಾಗಿಲು ತೆರೆದು ಕೆಳಗಿಳಿದೆ. ಪೆನ್‌ಡ್ರೈವು ಬೆರಳಿನಷ್ಟಿತ್ತು. ಎದುರಿಗೆ ಕಪ್ಪು ಮಣ್ಣಿನ ಹೊಲ, ಮಳೆ ಬಂದು ಬಿರುಕುಗಳೆಲ್ಲ ಕೆಸರಾಗಿದ್ದವು. ಒಂದು ಎಸೆತ ಸಾಕಿತ್ತು. ನನ್ನ ಎಸೆತವೆಂದರೆ ಹಗರಿಬೊಮ್ಮನಹಳ್ಳಿಯ ಕಾಗೆಗಳೂ ಹೆದರುತ್ತವೆ. ಕೈ ಎತ್ತಿದೆ. ಆಗ ಅದರೊಳಗೆ ಇರುವುದು ಸಿಮ್ರಾನಳ ಶ್ರುತಿ ಎನ್ನುವುದು ನೆನಪಾಯಿತು. ಆ ಶ್ರುತಿಗೆ ಯಾವ ಗುಂಡಿಯನ್ನೂ ತಿರುಗಿಸಿರಲಿಲ್ಲ. ಅದೊಂದು ಮಾತ್ರ ಖರೆ. ಅದನ್ನು ಕೆಸರಿಗೆ ಹಾಕಿ ನಾನೇನು ಸಾಧಿಸಿದಂತಾಗುತ್ತದೆ? ಆದರೆ ಹಾಗೆಯೇ ಕೊಟ್ಟುಬಿಡಲು ನಾನು ದೇವರೂ ಅಲ್ಲ. ದೇವರಿಗಿಂತ ಸ್ವಲ್ಪ ಕಡಿಮೆ.

ವಾಪಸು ಬಂದಾಗ ಮೇಷ್ಟ್ರು ಬಿಸಿಲಿನಲ್ಲಿ ರಸ್ತೆಯ ನಡುವೆ ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಸಿಮ್ರಾನ ಮೆಟ್ಟಿಲ ಮೇಲೆ ಕೂತಿದ್ದಳು. ಇನ್ನು ಎರಡು ಹೆಸರುಗಳಾದರೆ ಅವಳದು.

"ಕೊಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ. ಆ ಹುಡುಗಿ ಏನು ಮಾಡೈತಿ?"

ನಾನು ಕೊರಳಿನ ಕಾರ್ಡು ತೆಗೆದು ಬಾನೆಟ್ಟಿನ ಮೇಲಿಟ್ಟೆ. "ಇದನ್ನ ತಿದ್ರಿ, ಸರ್. ಚಾಲಕ ಹೊಡೆದು ಗಾಯಕ ಅಂತ ಬರೀರಿ. ಬರದ್ರ ಕೊಡ್ತೀನಿ."

ನನಗೆ ಏನು ಬೇಕಿತ್ತೆಂದು ನನಗೆ ಆಗ ಗೊತ್ತಿತ್ತು. ಅವರು ಬರೆಯಬಾರದಿತ್ತು. ಒಂದು ಸಲ, ಒಂದೇ ಒಂದು ಸಲ, ಪೆನ್ನು ತಡೆದು, 'ಬರೆಯಾಕ ಬರಂಗಿಲ್ಲ ಗವಿ, ನಿನ್ನ ಸ್ವರ ನಿಲ್ಲಂಗಿಲ್ಲ' ಎಂದು ಮುಖ ನೋಡಿ ಹೇಳಿದ್ದರೆ ನಾನು ಅಲ್ಲೇ ಅವರ ಕಾಲು ಹಿಡಿದು ಪೆನ್‌ಡ್ರೈವು ಕೊಡುತ್ತಿದ್ದೆ. ಮೂರು ವರ್ಷದ ಪಾಠಕ್ಕೆ ಅದೊಂದು ವಾಕ್ಯ ಸಾಕಿತ್ತು.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡಲಿಲ್ಲ. 'ವಾಹನ ಚಾಲಕ'ದ ಮೇಲೆ ಗೀಟು ಎಳೆದು, ಅದೇ ದುಂಡಗಿನ ಅಕ್ಷರದಲ್ಲಿ 'ಗಾಯಕ' ಎಂದು ಬರೆದು, ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. ಮೂರು ವರ್ಷವೂ ನನ್ನನ್ನು ಇಷ್ಟೇ ಸಲೀಸಾಗಿ ಹೊಗಳಿದ್ದರು ಎಂದು ಆಗ ತಿಳಿಯಿತು.

"ಸಾಕಾ? ಈಗ ಕೊಡು."

ನಾನು ಅವರಿಗೆ ಕೊಡಲಿಲ್ಲ. ಮೆಟ್ಟಿಲ ಹತ್ತಿರ ಹೋಗಿ ಸಿಮ್ರಾನಳ ಮುಂದೆ ನಿಂತೆ.

"ನೀನಾರ ಹೇಳವ್ವ. ನಾನು ಹಾಡಲಾ?"

ಅವಳ ಕಣ್ಣು ತುಂಬಿತ್ತು. ಮೇಲೆ ಅವಳ ಹೆಸರು ಕೂಗಿದರು. ಪೆನ್‌ಡ್ರೈವು ನನ್ನ ಮುಷ್ಟಿಯಲ್ಲಿತ್ತು. ಹೌದು ಎಂದರೆ ಅವಳಿಗೆ ಲಾಭ, ಇಲ್ಲ ಎಂದರೆ ಏನಾದರೂ ಆಗಬಹುದಿತ್ತು.

"ಬ್ಯಾಡ ಅಣ್ಣಾ" ಎಂದಳು. "ನಿನ್ನ ಸ್ವರ ಜಾರತೈತಿ. ಮೊದಲಿಂದಾನೂ. ನಾನು ಹೇಳಬೇಕಿತ್ತು."

ಅವಳ ಅಂಗೈಯಲ್ಲಿ ಪೆನ್‌ಡ್ರೈವು ಇಟ್ಟೆ. ಅವಳು ಓಡಿದಳು. ನಾನು ಕೆಳಗೆ ನಿಂತು ಕಿವಿಗೊಟ್ಟೆ. ಹಾಸಿಗೆ ಕಟ್ಟಿದ ಗೋಡೆಗಳು ಒಂದು ಸ್ವರವನ್ನೂ ಹೊರಗೆ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಫಲಿತಾಂಶ ಹೇಳಿದರು. ಅವಳು ಮುಂದಿನ ಸುತ್ತಿಗೆ ಆಯ್ಕೆಯಾಗಿದ್ದಳು. ಮೇಷ್ಟ್ರು ನಗುನಗುತ್ತ ವ್ಯಾನಿನ ಮುಂದಿನ ಬಾಗಿಲಿಗೆ ಕೈಹಾಕಿದರು.

"ಆ ಕಡೆ ಹೋಗ್ರಿ ಸರ್. ಕೂಡ್ಲಿಗಿ ಬಸ್ ಸ್ಟ್ಯಾಂಡು ಹತ್ರಾನ ಐತಿ."

"ಲೇ ಗವಿ, ಹಂಗಂದ್ರ ಹೆಂಗಲೇ?"

"ಗಾಯಕರು ಗಾಡಿ ಓಡಿಸಂಗಿಲ್ರಿ, ಸರ್. ನೀವ ಬರೆದೀರಲ್ಲ, ಸಹಿ ಸಮೇತ." ಕಾರ್ಡನ್ನು ಅವರ ಜೇಬಿಗೆ ಸಿಕ್ಕಿಸಿ ಹೊರಟೆ. ಸಿಮ್ರಾನ ಹಿಂದೆ ಕೂತಿದ್ದಳು. ಸ್ಟೀರಿಯೋ ಹಾಕಲಿಲ್ಲ.

ಗ್ಯಾರೇಜಿನ ಮುಂದೆ ಅವಳನ್ನು ಇಳಿಸಿದಾಗ ಉಸ್ಮಾನ್ ಸಾಬರು ಮಗಳ ಮುಖ ನೋಡಿ ವಿಷಯ ತಿಳಿದುಕೊಂಡರು, ನನ್ನ ಮುಖ ನೋಡಿ ಉಳಿದದ್ದನ್ನೂ ತಿಳಿದುಕೊಂಡರು. ಏನೂ ಕೇಳದೆ ವ್ಯಾನಿನ ಎಂಜಿನ್ನಿಗೆ ಕಿವಿಯಿಟ್ಟರು.

"ಕೇಳು ಬೇಟಾ. ಒಂದೇ ಸ್ವರದಾಗ ಐತಿ. ಒಂಚೂರೂ ಜಾರಂಗಿಲ್ಲ."

ಅದು ಸಮಾಧಾನವೋ ಚುಚ್ಚುಮಾತೋ, ಕೇಳಲಿಲ್ಲ. ತೆಲಿಗಿಯ ದಾರಿ ಹಿಡಿದೆ.

ಬಸ್ ನಿಲ್ಲುವ ಜಾಗದಲ್ಲಿ ನಾಲ್ಕಾರು ಜನ ನಿಂತಿದ್ದರು. "ಏನಾತಲೇ ಗಂಧರ್ವ?" ಎಂದು ಯಾರೋ ಕೂಗಿದರು. ಮೇಲೆ ಫ್ಲೆಕ್ಸಿನಲ್ಲಿ ನಾನು ಮೈಕಿನ ಮುಂದೆ ಬಾಯಿ ಅಗಲಿಸಿ ನಿಂತಿದ್ದೆ, ಒಂದು ಹಲ್ಲೂ ಮರೆಯಾಗದಂತೆ. ಕೆಳಗೆ ನಾನು ಬಾಯಿ ಮುಚ್ಚಿಕೊಂಡು ದಾಟಿಹೋದೆ. ಕೂಡ್ಲಿಗಿಯಿಂದ ತೆಲಿಗಿಯವರೆಗೆ ನಾನು ಒಂದು ಸಲವೂ ಗುನುಗಲಿಲ್ಲ, ಸಿಳ್ಳೆ ಹಾಕಲಿಲ್ಲ, ಮನಸ್ಸಿನಲ್ಲೂ ಹಾಡಲಿಲ್ಲ. ಅಷ್ಟು ದೊಡ್ಡ ಮೌನವನ್ನು ಈ ಐದು ತಾಲೂಕಿನಲ್ಲಿ ಇವತ್ತಿನವರೆಗೆ ಯಾರೂ ಹಿಡಿದಿಲ್ಲ. ಬೇಕಿದ್ದರೆ ಯಾರನ್ನಾದರೂ ಕೇಳಿ ನೋಡಿ.